ನಾಣ್ಯದ ಮುಖ, ನಿಷ್ಠೆಯ ನೆಲೆ

ಶಿರಾಡಿ ಘಾಟಿಯನ್ನಿಳಿದು ಬರುವವರಿಗೆ ಗುಂಡ್ಯ ಪರಿಚಿತ ಊರು. ಅಲ್ಲಿಯ ಹೊಳೆ ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಕೂಡಿ ಕಡಲಿಗೆ ಸಾಗುತ್ತದೆ. 1956ರ ನವೆಂಬರ್ 1ರವರೆಗೆ ಗುಂಡ್ಯ ಮದರಾಸಿಗೆ ಸೇರಿದ ನೆಲ. ಘಟ್ಟದ ಮೇಲಿನ ಸಕಲೇಶಪುರ ಮೈಸೂರಿನದು. ಗಡಿ ಅಳಿಯಿತು, ಆಳುವವರು ಬದಲಾದರು. ಹೊಳೆ ಮಾತ್ರ ಹರಿಯುತ್ತಲೇ ಇತ್ತು.

ಈ ಸೀಮೆಯಲ್ಲಿ ಕೇರಳದಿಂದ ಬಂದು, ಕಾಡಂಚಿನಲ್ಲಿ ರಬ್ಬರು ಬೆಳೆದು ನೆಲೆಸಿದ ಕ್ರೈಸ್ತ ಕುಟುಂಬಗಳು ಹಲವಾರಿವೆ. ಅಂಥ ಮನೆಯ ಹುಡುಗನೊಬ್ಬ ಚುನಾವಣೆಯ ದಿನಗಳಲ್ಲಿ ತರಗತಿಯಲ್ಲಿ ಎದ್ದುನಿಂತು ಕೇಳಿದ: "ಸಾರ್, ದೇಶ ದೊಡ್ಡದೋ, ದೇವರು ದೊಡ್ಡವನೋ?" ಯಾರೋ ಅವನನ್ನು ಹೀಗೆ ಕೇಳಿ ನೋಯಿಸಿದ್ದರೆಂದು ಮುಖವೇ ಹೇಳುತ್ತಿತ್ತು. ನಾನು ಒಡನೆ ಉತ್ತರ ಹೇಳಲಿಲ್ಲ. ಕಪಾಟಿನಿಂದ ಕಿಟ್ಟೆಲರ ನಿಘಂಟನ್ನು ತರಿಸಿದೆ.

1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಗ್ರಂಥವದು. ಕಿಟ್ಟೆಲರು ಜರ್ಮನಿಯವರು, ಅವರನ್ನು ಕಳುಹಿದ ಬಾಸೆಲ್ ಮಿಷನ್ನಿನ ಮೂಲಸ್ಥಾನ ಸ್ವಿಟ್ಜರ್ಲೆಂಡು. ಆ ಮಿಷನ್ನು ಮಂಗಳೂರಿಗೆ ಬಂದದ್ದು 1834ರಲ್ಲಿ. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಮೊಗ್ಲಿಂಗರೂ ಅದೇ ಬಳಗದವರು. ಶಾಲೆ, ಅಚ್ಚುಕೂಟ, ನೇಯ್ಗೆ, ಹೆಂಚಿನ ಕಾರ್ಖಾನೆ ಎಲ್ಲವೂ ಬೆಳೆದುವು.

1914ರಲ್ಲಿ ಯೂರೋಪಿನಲ್ಲಿ ಯುದ್ಧ ಹೊತ್ತಿತು. ಅಲ್ಲಿಯವರೆಗೆ ಪಾದ್ರಿಗಳೂ ಉಪಾಧ್ಯಾಯರೂ ಆಗಿದ್ದ ಜರ್ಮನರು ಬ್ರಿಟಿಷ್ ಸರಕಾರದ ಕಣ್ಣಿಗೆ ಶತ್ರುಪ್ರಜೆಗಳಾದರು. ಹಲವರನ್ನು ಅಹಮದ್‌ನಗರದ ಶಿಬಿರದಲ್ಲಿಟ್ಟು, ಮುಂದೆ ಸ್ವದೇಶಕ್ಕೆ ಕಳುಹಿಸಲಾಯಿತು. ಕಾರ್ಖಾನೆಗಳು ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದುವು. ವಿಚಿತ್ರವೆಂದರೆ, ಹೋರಾಡುತ್ತಿದ್ದ ಎರಡು ಪಕ್ಷಗಳ ದೇವಾಲಯಗಳಲ್ಲಿಯೂ ಒಬ್ಬನೇ ಕ್ರಿಸ್ತನ ಹೆಸರಿನಲ್ಲಿ ಜಯಕ್ಕಾಗಿ ಪ್ರಾರ್ಥನೆ ನಡೆಯುತ್ತಿತ್ತು! ದೇವರನ್ನು ಪಕ್ಷದ ಸಿಪಾಯಿಯನ್ನಾಗಿ ಮಾಡಿಕೊಂಡರೆ ಆಗುವುದು ಹೀಗೆಯೇ.

ಕರಾವಳಿಯ ಸಭೆಗಳು ಏನು ಮಾಡಿದುವು? ಬಾಗಿಲು ಮುಚ್ಚಲಿಲ್ಲ. ಹಡಗು ಹತ್ತಿದವರು ಹೊರಟುಹೋದರು. ಉಳಿದವರು ಈ ನೆಲದ ಬೋಧಕರು, ಈ ನೆಲದ ಭಕ್ತರು. ಪ್ರಾರ್ಥನೆ ಕನ್ನಡದಲ್ಲಿ, ತುಳುವಿನಲ್ಲಿ ನಡೆಯಿತು. ಅವರ ನಂಬಿಕೆ ಜರ್ಮನಿಯದಾಗಿದ್ದರೆ ಜರ್ಮನರೊಡನೆ ಹೋಗಬೇಕಾಗಿತ್ತು. ಬ್ರಿಟಿಷರದಾಗಿದ್ದರೆ 1947ರ ಆಗಸ್ಟಿನಲ್ಲಿ ಅಳಿಯಬೇಕಾಗಿತ್ತು. ಆದದ್ದೇ ಬೇರೆ: ಸ್ವಾತಂತ್ರ್ಯ ಬಂದ ಆರು ವಾರಗಳಲ್ಲಿ, ಸೆಪ್ಟೆಂಬರ್ 27ರಂದು, ದಕ್ಷಿಣ ಭಾರತ ಸಭೆ ಸ್ಥಾಪನೆಯಾಯಿತು; ದಕ್ಷಿಣ ಕನ್ನಡದ ಬಾಸೆಲ್ ಸಭೆಗಳು ಅದರಲ್ಲಿ ಕೂಡಿಕೊಂಡುವು.

'ನಿಷ್ಠೆ' ಎಂಬ ಮಾತಿನ ಬೇರು 'ನಿಲ್ಲು' ಎಂಬ ಅರ್ಥದ ಧಾತು. ನೆಲೆಯಾಗಿ ನಿಂತವನೇ ನಿಷ್ಠ. ಗಾಳಿ ಬಂದತ್ತ ವಾಲುವವನಲ್ಲ.

ತೆರಿಗೆ ಕೊಡಬೇಕೇ ಎಂದು ಯೇಸುವನ್ನು ಸಿಕ್ಕಿಸಲು ಬಂದವರಿಗೆ ಆತ ಒಂದು ನಾಣ್ಯ ತರಿಸಿ, ಇದರ ಮೇಲಿನ ಮುಖ ಯಾರದೆಂದು ಕೇಳಿದನಷ್ಟೆ. ಕೈಸರನ ಮುಖವಿದ್ದುದು ಕೈಸರನಿಗೆ ಸಲ್ಲಲಿ. ಹಾಗಾದರೆ ದೇವರ ರೂಪವನ್ನು ಹೊತ್ತ ಮನುಷ್ಯ ಯಾರಿಗೆ ಸಲ್ಲಬೇಕು? ಕಂದಾಯ, ಮತ, ಕಾನೂನಿನ ಗೌರವ, ನಾಡಿನ ದುಡಿಮೆ, ಇವೆಲ್ಲ ದೇಶಕ್ಕೆ ಸಲ್ಲತಕ್ಕವು. ಭಕ್ತನು ಇವನ್ನು ಸಂತೋಷದಿಂದ ಸಲ್ಲಿಸಬೇಕು. ಆದರೆ ನೆರೆಯವನನ್ನು ದ್ವೇಷಿಸೆಂದು ಯಾವ ಪಕ್ಷ ಕೇಳಿದರೂ, ಅದು ತನ್ನದಲ್ಲದ ನಾಣ್ಯವನ್ನು ಕೇಳಿದಂತೆ.

ಹುಡುಗನಿಗೆ ನಾನು ಹೇಳಿದ್ದು ಇಷ್ಟೆ: "ದೇವರಿಗೆ ಸುಳ್ಳಾಡದವನು ದೇಶಕ್ಕೂ ಸುಳ್ಳಾಡಲಾರ, ಮಗೂ. ಕುಳಿತುಕೋ." ಅವನು ಕುಳಿತ. ಪಕ್ಕದವನು ಸರಿದು ಅವನಿಗೆ ಇನ್ನಷ್ಟು ಜಾಗ ಬಿಟ್ಟುಕೊಟ್ಟ.