ಸಣ್ಣ ತಾಂತ್ರಿಕ ಉದ್ಯಮಕ್ಕೆ ಪಾಲುಗಾರರನ್ನು ಆರಿಸುವುದು ಹೇಗೆ?

(ಗ್ರಾಮೀಣ ಯುವಕರ ತರಬೇತಿ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಪಾಠ)



ಯಲಹಂಕ, ಹೆಬ್ಬಾಳ, ಜಾಲ, ಹೆಸರಘಟ್ಟ ಕಡೆಯಲ್ಲಿ ಹಿಂದೆ ರಾಗಿ, ಹುರುಳಿ, ದ್ರಾಕ್ಷಿ, ತರಕಾರಿ ಬೆಳೆಯುತ್ತಿದ್ದ ಅನೇಕ ಮನೆತನಗಳಲ್ಲಿ ಇಂದು ಎಂಜಿನಿಯರಿಂಗ್ ಓದಿದ ಮಗನೋ ಮಗಳೋ ಇರುವುದು ಸಾಮಾನ್ಯವಾಗಿದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಪ್ರಾರಂಭವಾದ ಮೇಲೆ ಬಳ್ಳಾರಿ ರಸ್ತೆಯ ಎರಡೂ ಬದಿಯ ಜಮೀನಿನ ಸ್ವರೂಪವೇ ಬದಲಾಯಿತು. ಜಮೀನು ಕೊಟ್ಟವರ ಕೈಗೆ ಒಮ್ಮೆಗೇ ಹಣ ಬಂತು. ಆ ಹಣ ಮನೆಗೆ, ಮದುವೆಗೆ, ವಾಹನಕ್ಕೆ ಹೋದದ್ದು ಹಳೆಯ ಕಥೆ. ಈಗ ಅದು ಮಕ್ಕಳ ಸಣ್ಣ ಕಂಪನಿಗಳಿಗೂ ಹೋಗುತ್ತಿದೆ. ಮೊಬೈಲಿನಿಂದಲೇ ಹನಿ ನೀರಾವರಿಯ ಗೇಟ್‌ವಾಲ್ವ್ ತೆರೆಯುವ ಪೆಟ್ಟಿಗೆ, ಮಣ್ಣಿನ ತೇವ ಅಳೆಯುವ ಸಲಕರಣೆ, ಡ್ರೋನ್‌ನಿಂದ ಔಷಧಿ ಸಿಂಪಡಿಸುವ ಸೇವೆ ಮುಂತಾದ ಕೆಲಸಗಳಿಗೆ ನಮ್ಮ ಯುವಕರು ಕೈಹಾಕುತ್ತಿದ್ದಾರೆ. ಇದು ಸಂತೋಷದ ವಿಷಯವೇ ಸರಿ. ಆದರೆ ಇಂತಹ ಉದ್ಯಮ ಒಬ್ಬನಿಂದ ಆಗುವಂಥದಲ್ಲ. ಒಬ್ಬ ಯಂತ್ರ ಬಲ್ಲವನು, ಒಬ್ಬ ಹಣ ಹಾಕುವವನು, ಒಬ್ಬ ಮಾರಾಟ ನೋಡಿಕೊಳ್ಳುವವನು ಸೇರಲೇಬೇಕು. ಸೇರುವವರು ಎಂಥವರು ಎಂಬುದನ್ನು ನೋಡದೆ ಸೇರಿದರೆ ಕೊನೆಗೆ ಹೋಗುವುದು ಉಳಿದಿರುವ ಎರಡೆಕರೆ ಜಮೀನೇ.

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿ ಕೊಳ್ಳುವ ರೈತ ಮೊದಲು ಹಲ್ಲು ನೋಡುತ್ತಾನೆ, ಗೊರಸು ನೋಡುತ್ತಾನೆ, ಸುಳಿ ನೋಡುತ್ತಾನೆ. ಬಳಿಕ ಎರಡನ್ನೂ ನಡೆಸಿ ನೋಡುತ್ತಾನೆ. ಬೇರೆ ಬೇರೆಯಾಗಿ ಎರಡು ಎತ್ತುಗಳೂ ಒಳ್ಳೆಯವೇ ಇರಬಹುದು, ಆದರೆ ಒಂದರ ನಡೆ ಚುರುಕು, ಇನ್ನೊಂದರದು ನಿಧಾನ ಎಂದಾದರೆ ಆ ಜೋಡಿ ಅವನಿಗೆ ಬೇಡ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಹುಟ್ಟಿದ್ದು ಸುಮ್ಮನಲ್ಲ. ಅದೇ ರೈತ ಇಪ್ಪತ್ತು ಲಕ್ಷ ರೂಪಾಯಿಯ ಪಾಲುಗಾರಿಕೆಗೆ ಸಹಿ ಹಾಕುವಾಗ ಮಾತ್ರ, ಎದುರಿಗಿರುವವನು ಮಗನ ಕಾಲೇಜು ಗೆಳೆಯ ಎಂಬ ಒಂದೇ ಕಾರಣಕ್ಕೆ, ಏನನ್ನೂ ಕೇಳುವುದಿಲ್ಲ. ಕೇಳಿದರೆ ಬೇಸರವಾದೀತು ಎಂಬ ಸಂಕೋಚ. ಈ ಸಂಕೋಚ ಬಹಳ ದುಬಾರಿಯಾದದ್ದು.

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ತಿಳಿಯುವುದು ಒಳ್ಳೆಯದು. ಸಾಮಾನ್ಯ ಪಾಲುಗಾರಿಕೆ ಸಂಸ್ಥೆಗಳಿಗೆ 1932ರ ಭಾರತೀಯ ಪಾಲುಗಾರಿಕೆ ಅಧಿನಿಯಮ ಅನ್ವಯಿಸುತ್ತದೆ. ಇದರ ಪ್ರಕಾರ ಪ್ರತಿಯೊಬ್ಬ ಪಾಲುಗಾರನೂ ಇಡೀ ಸಂಸ್ಥೆಯ ಪ್ರತಿನಿಧಿ. ವ್ಯಾಪಾರದ ಸಲುವಾಗಿ ಅವನು ಮಾಡಿದ ವ್ಯವಹಾರಕ್ಕೆ ಉಳಿದವರೂ ಬದ್ಧರು. ಸಂಸ್ಥೆಯ ಸಾಲಕ್ಕೆ ಎಲ್ಲರೂ ಒಟ್ಟಾಗಿ ಹೊಣೆ, ಒಬ್ಬೊಬ್ಬರೂ ಪೂರ್ತಿಯಾಗಿ ಹೊಣೆ. ಮೂವರು ಪಾಲುಗಾರರಲ್ಲಿ ಇಬ್ಬರು ಕೈಯಲ್ಲಿ ಏನೂ ಇಲ್ಲದವರು, ಮೂರನೆಯವನ ಹೆಸರಿನಲ್ಲಿ ಮಾತ್ರ ಜಮೀನಿದೆ ಎಂದಿಟ್ಟುಕೊಳ್ಳೋಣ. ಸಾಲ ಕೊಟ್ಟವನು ಮೂರನೆಯವನನ್ನೇ ಹುಡುಕಿಕೊಂಡು ಬರುತ್ತಾನೆ. ತನ್ನ ಪಾಲು ಮೂರರಲ್ಲಿ ಒಂದು ಮಾತ್ರ ಎಂದು ಅವನಿಗೆ ಹೇಳಿ ಪ್ರಯೋಜನವಿಲ್ಲ. ಅಲ್ಲದೆ, ಪಾಲುಪತ್ರದಲ್ಲಿ ಬೇರೆ ಏನೂ ಬರೆಯದಿದ್ದರೆ ಲಾಭ ನಷ್ಟ ಎರಡೂ ಸಮಪಾಲು. ಹತ್ತು ಲಕ್ಷ ಹಾಕಿದವನಿಗೂ ಹತ್ತು ಸಾವಿರ ಹಾಕಿದವನಿಗೂ ಒಂದೇ ಲೆಕ್ಕ.

ಸಂಸ್ಥೆಯನ್ನು ಫರ್ಮುಗಳ ರಿಜಿಸ್ಟ್ರಾರ್ ಅವರಲ್ಲಿ ನೋಂದಾಯಿಸದಿದ್ದರೆ ಇನ್ನೊಂದು ತೊಂದರೆಯಿದೆ. ಹಣ ಕೊಡಬೇಕಾದ ಗಿರಾಕಿಯ ಮೇಲೆ ಸಂಸ್ಥೆಯು ಕರಾರಿನ ಆಧಾರದಿಂದ ದಾವೆ ಹೂಡುವಂತಿಲ್ಲ. ಮೋಸ ಮಾಡಿದ ಪಾಲುಗಾರನ ಮೇಲೆ ಕರಾರಿನ ಹಕ್ಕಿಗಾಗಿ ಹೋಗುವಂತಿಲ್ಲ. ಸಂಸ್ಥೆಯನ್ನು ವಿಸರ್ಜಿಸಿ ಲೆಕ್ಕ ಕೇಳಲು ಮಾತ್ರ ದಾರಿ ಉಳಿಯುತ್ತದೆ. ಆದರೆ ಬೇರೆಯವರು ಸಂಸ್ಥೆಯ ಮೇಲೆ ದಾವೆ ಹೂಡುವುದಕ್ಕೆ ಈ ಅಡ್ಡಿ ಇಲ್ಲ! ಪಾಲುಗಾರಿಕೆಯಿಂದ ಹೊರಬರುವವರೂ ಒಂದು ವಿಷಯ ನೆನಪಿಡತಕ್ಕದ್ದು. ಬಾಯಿಮಾತಿನಲ್ಲಿ ಬಿಟ್ಟೆನೆಂದರೆ ಬಿಟ್ಟಂತಾಗುವುದಿಲ್ಲ. ಸಾರ್ವಜನಿಕ ಪ್ರಕಟಣೆ ಕೊಡುವವರೆಗೆ, ಉಳಿದವರು ಮುಂದೆ ಮಾಡುವ ವ್ಯವಹಾರಕ್ಕೂ ಹೊಣೆ ಅಂಟಿಕೊಂಡೇ ಇರಬಹುದು. ನೋಂದಾಯಿತ ಸಂಸ್ಥೆಯಾದರೆ ರಿಜಿಸ್ಟ್ರಾರ್‌ಗೆ ತಿಳಿಸಿ, ರಾಜ್ಯಪತ್ರದಲ್ಲಿಯೂ ಸ್ಥಳೀಯ ಭಾಷೆಯ ಒಂದು ಪತ್ರಿಕೆಯಲ್ಲಿಯೂ ಪ್ರಕಟಿಸಬೇಕು.

ಈ ಕಾರಣಗಳಿಂದ ತಾಂತ್ರಿಕ ಉದ್ಯಮಕ್ಕೆ 2008ರ ಅಧಿನಿಯಮದಂತೆ ಸೀಮಿತ ಹೊಣೆಗಾರಿಕೆಯ ಪಾಲುಗಾರಿಕೆ ಅಥವಾ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಕೊಳ್ಳುವುದು ಮೇಲು. ಇವುಗಳಲ್ಲಿ ಸಾಮಾನ್ಯವಾಗಿ ಹಾಕಿದ ಬಂಡವಾಳದಷ್ಟಕ್ಕೆ ಹೊಣೆ ನಿಲ್ಲುತ್ತದೆ. ಆದರೂ ಮೈಮರೆಯುವಂತಿಲ್ಲ. ಬ್ಯಾಂಕಿನವರು ಸಾಲ ಕೊಡುವಾಗ ವೈಯಕ್ತಿಕ ಜಾಮೀನು ಕೇಳುವುದುಂಟು. ಆ ಕಾಗದಕ್ಕೆ ಸಹಿ ಬಿದ್ದೊಡನೆ ಸೀಮಿತ ಎಂಬ ಬೇಲಿ ಮುರಿದಂತೆಯೇ. ಜಾಮೀನಿಗೆ ಎಲ್ಲ ಪಾಲುಗಾರರೂ ಸಹಿ ಹಾಕುತ್ತಾರೆಯೇ, ಅಥವಾ ಜಮೀನಿರುವ ಒಬ್ಬನೇ ಹಾಕಬೇಕೇ ಎಂದು ಮೊದಲ ದಿನವೇ ಕೇಳಿಬಿಡಬೇಕು. ಪಾಲುಗಾರನ ಗುಣ ಈ ಒಂದು ಪ್ರಶ್ನೆಗೆ ಕೊಡುವ ಉತ್ತರದಲ್ಲಿ ತಿಳಿಯುವಷ್ಟು ಬೇರೆಲ್ಲಿಯೂ ತಿಳಿಯದು.

ಇನ್ನು ಪರೀಕ್ಷೆಯ ವಿಷಯ. ಸೇರಲು ಬಂದವನು ಹಿಂದೆ ಕಂಪನಿ ನಡೆಸಿದ್ದಾನೆಂದರೆ ಅದರ ಜಾತಕ ಸಿಗುತ್ತದೆ. ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಅಂತರ್ಜಾಲ ತಾಣದಲ್ಲಿ ಕಂಪನಿಯ ಹೆಸರು ಹಾಕಿದರೆ ನಿರ್ದೇಶಕರು ಯಾರು, ಕೊನೆಯ ಆಯವ್ಯಯ ಪಟ್ಟಿ ಯಾವ ವರ್ಷದ್ದು, ಆಸ್ತಿಯ ಮೇಲೆ ಯಾವ ಋಣಭಾರ ನೋಂದಾಯಿತವಾಗಿದೆ ಎಂಬುದು ಗೊತ್ತಾಗುತ್ತದೆ. ಒಂದು ಕಂಪನಿ ಸತತ ಮೂರು ವರ್ಷ ಲೆಕ್ಕಪತ್ರ ಸಲ್ಲಿಸದಿದ್ದರೆ ಅದರ ನಿರ್ದೇಶಕರು ಐದು ವರ್ಷಗಳ ಕಾಲ ನಿರ್ದೇಶಕರಾಗಲು ಅನರ್ಹರಾಗುತ್ತಾರೆ. ಅಂಥವರು ತಮ್ಮ ಹೆಸರು ಬಿಟ್ಟು ಹೆಂಡತಿಯ ಅಥವಾ ಭಾವಮೈದುನನ ಹೆಸರನ್ನು ಮುಂದೆ ಮಾಡಿದರೆ ಕಾರಣ ಕೇಳಲೇಬೇಕು. ಜಿ.ಎಸ್.ಟಿ. ಸಂಖ್ಯೆ ಜೀವಂತವಾಗಿದೆಯೇ, ರಿಟರ್ನ್ ಸಲ್ಲಿಕೆಯಾಗುತ್ತಿದೆಯೇ ಎಂಬುದನ್ನೂ, ಜಿಲ್ಲಾ ನ್ಯಾಯಾಲಯಗಳಲ್ಲಿ ಅವರ ಹೆಸರಿನ ಮೊಕದ್ದಮೆಗಳಿವೆಯೇ ಎಂಬುದನ್ನೂ ಹೀಗೆಯೇ ನೋಡಬಹುದು. ಮೊಕದ್ದಮೆ ಇದ್ದ ಮಾತ್ರಕ್ಕೆ ಮನುಷ್ಯ ಕೆಟ್ಟವನೆಂದಲ್ಲ. ಕೇಳಿದಾಗ ಮುಚ್ಚಿಟ್ಟನೇ, ಇದ್ದದ್ದು ಹೇಳಿದನೇ ಎಂಬುದು ಮುಖ್ಯ.

ಕಾಗದದಲ್ಲಿ ಸಿಗದ್ದು ಕೆಲಸದಲ್ಲಿ ಸಿಗುತ್ತದೆ. ಹೊಸ ತಳಿ ಬಂದಾಗ ಜಾಣ ರೈತ ಹೊಲಕ್ಕೆಲ್ಲ ಬಿತ್ತುವುದಿಲ್ಲ, ಐದು ಗುಂಟೆಗೆ ಬಿತ್ತಿ ಒಂದು ಹಂಗಾಮು ನೋಡುತ್ತಾನೆ. ಪಾಲುಗಾರನಿಗೂ ಇದೇ ಕ್ರಮ ಸರಿ. ಕಂಪನಿ ಕಟ್ಟುವ ಮೊದಲು ಆರು ತಿಂಗಳು ಒಂದು ಸಣ್ಣ ಕೆಲಸವನ್ನು, ಹತ್ತು ತೋಟಗಳಿಗೆ ತೇವಮಾಪಕ ಹಾಕಿಕೊಡುವಂಥದ್ದನ್ನು, ಒಟ್ಟಿಗೆ ಮಾಡಿ ನೋಡಬೇಕು. ಹೇಳಿದ ದಿನಕ್ಕೆ ಬರುತ್ತಾನೆಯೇ, ಸಲಕರಣೆ ಕೆಟ್ಟಾಗ ತೋಟಕ್ಕೆ ಹೋಗುತ್ತಾನೆಯೇ ಇಲ್ಲವೇ ಫೋನು ತೆಗೆಯುವುದನ್ನು ಬಿಡುತ್ತಾನೆಯೇ, ಕೈಗೆ ಬಂದ ಮುಂಗಡ ಹಣಕ್ಕೆ ರಶೀದಿ ಇಡುತ್ತಾನೆಯೇ ಎಂಬುದು ಅಷ್ಟರಲ್ಲಿ ಗೊತ್ತಾಗುತ್ತದೆ.

ಯಶವಂತಪುರದ ಆಸುಪಾಸಿನಲ್ಲಿಯೇ ನಡೆದ ಒಂದು ಉದಾಹರಣೆ ಇಲ್ಲಿ ವಿಚಾರಮಾಡಲು ಯೋಗ್ಯವಾಗಿದೆ. ಸಿಂಪ್ಯೂಟರ್ ಎಂಬ ಕೈಯಲ್ಲಿ ಹಿಡಿಯುವ ಅಗ್ಗದ ಗಣಕದ ಹೆಸರು ಹಲವರಿಗೆ ನೆನಪಿರಬಹುದು. ಓದು ಬರಹ ಬಾರದವರೂ ಚಿತ್ರ ಮುಟ್ಟಿ, ತಮ್ಮ ಭಾಷೆಯ ಧ್ವನಿ ಕೇಳಿ ಬಳಸಬಹುದಾದ ಯಂತ್ರ ಬೇಕೆಂಬುದು ಅದರ ಹಿಂದಿನ ಯೋಚನೆ. ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರೂ ಬೆಂಗಳೂರಿನ ಎನ್‌ಕೋರ್ ಎಂಬ ಸಾಫ್ಟ್‌ವೇರ್ ಕಂಪನಿಯವರೂ ಸೇರಿ ಇದನ್ನು ರೂಪಿಸಿದರು. ಅವರು ಮಾಡಿದ ಒಂದು ಜಾಣ ಕೆಲಸವೆಂದರೆ, ವಿನ್ಯಾಸದ ಹಕ್ಕನ್ನು ಯಾವ ಪಾಲುಗಾರನ ಜೇಬಿಗೂ ಹಾಕದೆ, 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಎಂಬ ಲಾಭರಹಿತ ಸಂಸ್ಥೆಯನ್ನು ರಚಿಸಿ ಅದರ ವಶಕ್ಕೆ ಕೊಟ್ಟದ್ದು. 2001ರಲ್ಲಿ ಮಾದರಿ ಯಂತ್ರ ಹೊರಬಂತು. ಪ್ರಾಧ್ಯಾಪಕರು ಪಿಕೋಪೆಟಾ ಎಂಬ ಕಂಪನಿ ತೆರೆದರು. ಎನ್‌ಕೋರ್‌ನವರು ತಮ್ಮದೇ ದಾರಿಯಲ್ಲಿ ಯಂತ್ರ ಮಾಡಿದರು. ಎರಡು ಕಂಪನಿಗಳೂ ಒಂದೇ ಟ್ರಸ್ಟಿನಿಂದ ಪರವಾನಗಿ ಪಡೆದಿದ್ದರಿಂದ ವಿನ್ಯಾಸ ಯಾರದು ಎಂಬ ಪ್ರಶ್ನೆಗೆ ಮೊದಲೇ ಉತ್ತರವಿತ್ತು.

ತಯಾರಿಕೆಗೆ ಪಿಕೋಪೆಟಾದವರು ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯನ್ನು ಜೊತೆಗೆ ತೆಗೆದುಕೊಂಡರು. 1954ರಿಂದ ನಡೆದುಬಂದ, ಸೈನ್ಯಕ್ಕೆ ಸಲಕರಣೆ ಕೊಡುವ ಸರ್ಕಾರಿ ಸಂಸ್ಥೆಯ ಕೆಲಸದ ಗುಣಮಟ್ಟಕ್ಕೆ ಯಾರೂ ಹೆದರಬೇಕಾಗಿರಲಿಲ್ಲ. 2004ರ ಮಾರ್ಚ್‌ನಲ್ಲಿ ಅಮಿಡಾ ಎಂಬ ಹೆಸರಿನ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ಆದರೂ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ದೊಡ್ಡ ಪ್ರಮಾಣದ ಬೇಡಿಕೆ ಬಾರದೆ ಇಂತಹ ಯಂತ್ರದ ಬೆಲೆ ಇಳಿಯುವುದಿಲ್ಲ, ಬೆಲೆ ಇಳಿಯದೆ ಬೇಡಿಕೆ ಬರುವುದಿಲ್ಲ. ಅಷ್ಟರಲ್ಲಿ ಅಗ್ಗದ ಮೊಬೈಲ್ ಫೋನು ಹಳ್ಳಿಗೆ ಬಂದುಬಿಟ್ಟಿತ್ತು. ಅಲ್ಲಿ ಜ್ಞಾನವಿತ್ತು, ನಂಬಿಕೆಯಿತ್ತು, ಒಳ್ಳೆಯ ತಯಾರಕನಿದ್ದ. ಸಾವಿರಗಟ್ಟಲೆ ಕೊಳ್ಳುತ್ತೇನೆಂದು ಕಾಗದದ ಮೇಲೆ ಒಪ್ಪಿದ ಗಿರಾಕಿಯೊಬ್ಬ ಪಾಲುಗಾರನ ಸ್ಥಾನದಲ್ಲಿ ಮೊದಲಿನಿಂದ ಇದ್ದಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. ಮಾರುವವನು ಯಾರು ಎಂಬುದು ತೀರ್ಮಾನವಾಗದೆ ಇಬ್ಬರು ಎಂಜಿನಿಯರುಗಳು ಮೂರನೆಯ ಎಂಜಿನಿಯರನನ್ನೇ ಪಾಲುಗಾರನಾಗಿ ಸೇರಿಸಿಕೊಳ್ಳುವುದು ಇಂದಿಗೂ ಕಂಡುಬರುವ ದೋಷ.

ಹಕ್ಕಿನ ಪ್ರಶ್ನೆಯನ್ನು ಇನ್ನಷ್ಟು ಬಿಡಿಸಿ ಹೇಳಬೇಕು, ಏಕೆಂದರೆ ಜಗಳಗಳು ಇಲ್ಲಿಯೇ ಹುಟ್ಟುತ್ತವೆ. ಸಂಕರಣ ಬೀಜದ ವ್ಯಾಪಾರದಲ್ಲಿ ಬೆಲೆಯಿರುವುದು ಚೀಲದ ಬೀಜಕ್ಕಲ್ಲ, ತಾಯಿ ತಂದೆ ತಳಿಗಳಿಗೆ. ತಾಂತ್ರಿಕ ಕಂಪನಿಯ ತಾಯಿ ತಳಿ ಎಂದರೆ ಅದರ ಪ್ರೋಗ್ರಾಂ ಮತ್ತು ವಿನ್ಯಾಸ. ಸಂಬಳದ ನೌಕರನು ಕೆಲಸದ ಭಾಗವಾಗಿ ಬರೆದ ಪ್ರೋಗ್ರಾಂ, ಬೇರೆ ಕರಾರಿಲ್ಲದಿದ್ದರೆ, ಕಂಪನಿಗೆ ಸೇರುತ್ತದೆ. ಆದರೆ ಹೊರಗಿನ ಗೆಳೆಯನೊಬ್ಬ ಗುತ್ತಿಗೆಯ ಮೇಲೆ ಬರೆದುಕೊಟ್ಟರೆ ಹಣ ಪೂರ್ತಿ ಸಂದಾಯವಾಗಿದ್ದರೂ ಹಕ್ಕು ಸಾಮಾನ್ಯವಾಗಿ ಅವನದೇ. ಲಿಖಿತ ವರ್ಗಾವಣೆ ಬೇಕು. ಅದರಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದೂ ಕಾನೂನು ತಿಳಿಯುತ್ತದೆ. ಪೇಟೆಂಟ್ ಇಬ್ಬರ ಹೆಸರಿನಲ್ಲಿದ್ದರೆ ಇಬ್ಬರೂ ಬಳಸಬಹುದು, ಆದರೆ ಬೇರೆ ಕರಾರಿಲ್ಲದಿದ್ದರೆ ಒಬ್ಬರ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಮೂರನೆಯವರಿಗೆ ಪರವಾನಗಿ ಕೊಡುವಂತಿಲ್ಲ. ಮುನಿಸಿಕೊಂಡ ಪಾಲುಗಾರ ಸುಮ್ಮನೆ ಕುಳಿತರೂ ಸಾಕು, ಕೆಲಸ ನಿಲ್ಲುತ್ತದೆ.

ಷೇರು ಹಂಚುವಾಗಲೂ ಅವಸರ ಸಲ್ಲದು. ಮೊದಲ ದಿನವೇ ಮೂರನೇ ಒಂದು ಪಾಲು ಬರೆಯಿಸಿಕೊಂಡು ಎಂಟನೆಯ ತಿಂಗಳಲ್ಲಿ ಹೊರದೇಶದ ಕೆಲಸಕ್ಕೆ ಹೋದವನು ಪಾಲನ್ನು ಇಟ್ಟುಕೊಂಡೇ ಹೋಗುತ್ತಾನೆ. ತೆಂಗಿನ ಸಸಿ ನೆಟ್ಟವನು ವರ್ಷಗಟ್ಟಲೆ ನೀರು ಹಾಕಿದ ಮೇಲಲ್ಲವೇ ಕಾಯಿ ಕೇಳುವುದು? ನಾಲ್ಕು ವರ್ಷಗಳಲ್ಲಿ, ವರ್ಷಕ್ಕೆ ಕಾಲುಭಾಗದಂತೆ ಕೈಸೇರುವ ಹಾಗೆ ಬರೆಯುವುದು ಈಗ ಎಲ್ಲೆಡೆ ರೂಢಿಯಲ್ಲಿದೆ.

ಬಿಟ್ಟುಹೋಗುವವರ ವಿಷಯದಲ್ಲಿ ಇನ್ಫೋಸಿಸ್‌ನ ಇತಿಹಾಸ ಗಮನಾರ್ಹ. ಏಳು ಮಂದಿ 1981ರಲ್ಲಿ ಪುಣೆಯಲ್ಲಿ ಪ್ರಾರಂಭಿಸಿ 1983ರಲ್ಲಿ ಬೆಂಗಳೂರಿಗೆ ತಂದ ಕಂಪನಿ ಅದು. 1989ರಲ್ಲಿ ಒಬ್ಬರು ಹೊರನಡೆದರು. 1990ರಲ್ಲಿ ಕಂಪನಿಯನ್ನು ಹತ್ತು ಲಕ್ಷ ಡಾಲರಿಗೆ ಕೊಳ್ಳುವವರು ಬಂದಾಗ ಪಾಲುಗಾರರು ಬೆಂಗಳೂರಿನಲ್ಲಿ ಕೂಡಿ ಚರ್ಚಿಸಿದರು. ನಾರಾಯಣ ಮೂರ್ತಿಯವರು ಎಲ್ಲರ ಮಾತು ಮುಗಿದ ಮೇಲೆ, ಮಾರಬೇಕೆನ್ನುವವರ ಪಾಲನ್ನು ತಾವೇ ಕೊಳ್ಳುವುದಾಗಿ ಹೇಳಿದರು. ಅವರ ಬಳಿ ಆಗ ಹಣವೇನೂ ಇರಲಿಲ್ಲ. ಸೇರಿದ್ದವರೆಲ್ಲರೂ ಉಳಿದುಕೊಂಡರು. ಆದರೆ ಎಲ್ಲ ಮನೆಗಳಲ್ಲಿಯೂ ಹೀಗೆ ಆಗುವುದಿಲ್ಲ. ಆದುದರಿಂದ ಹೊರಹೋಗುವವನ ಪಾಲಿಗೆ ಬೆಲೆ ಕಟ್ಟುವವರು ಯಾರು, ಹಣ ಎಷ್ಟು ಕಂತುಗಳಲ್ಲಿ ಎಂಬುದನ್ನು ಎಲ್ಲರೂ ನಗುನಗುತ್ತಿರುವ ದಿನಗಳಲ್ಲಿಯೇ ಬರೆದಿಡತಕ್ಕದ್ದು. ಪಾಲುಗಾರ ತೀರಿಕೊಂಡರೆ ಅವನ ಮನೆಯವರಿಗೆ ಏನು ಸಲ್ಲಬೇಕು ಎಂಬುದನ್ನೂ ಬರೆಯಬೇಕು. ಅಪಶಕುನವೆಂದು ಬಿಡಬಾರದು.

ತಾಂತ್ರಿಕ ನೆರವು ಕೊಡುವ ದೊಡ್ಡ ಕಂಪನಿಯೊಡನೆ ಒಪ್ಪಂದ ಮಾಡಿಕೊಳ್ಳುವವರು ಜಾಲಹಳ್ಳಿಯ ಎಚ್.ಎಂ.ಟಿ. ಕಡೆ ನೋಡಬಹುದು. ಯಂತ್ರೋಪಕರಣಕ್ಕೆ ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್, 1961ರಲ್ಲಿ ಗಡಿಯಾರಕ್ಕೆ ಜಪಾನಿನ ಸಿಟಿಜನ್, ರೈತರು ಬಲ್ಲ ಟ್ರ್ಯಾಕ್ಟರಿಗೆ ಚೆಕೊಸ್ಲೊವಾಕಿಯಾದ ಜೆಟರ್, ಹೀಗೆ ಕೆಲಸಕ್ಕೊಬ್ಬ ಜೊತೆಗಾರನನ್ನು ಆ ಸಂಸ್ಥೆ ಆರಿಸಿತು. ಗಡಿಯಾರದ ಬಿಡಿಭಾಗಗಳನ್ನು ಮೊದಲು ತರಿಸಿ ಜೋಡಿಸಿ, ಕ್ರಮೇಣ ಇಲ್ಲಿಯೇ ಮಾಡಲು ಕಲಿತರು. ಕಲಿಸಲು ಒಪ್ಪದೆ ಪೆಟ್ಟಿಗೆ ಮಾತ್ರ ಮಾರುವವನನ್ನು ವ್ಯಾಪಾರಿ ಎನ್ನಬಹುದು, ಪಾಲುಗಾರನೆನ್ನಲಾಗದು.

ರೈತ ಉತ್ಪಾದಕ ಕಂಪನಿಗಳ ನಿರ್ದೇಶಕರಿಗೂ ಇದೇ ಮಾತು ಅನ್ವಯಿಸುತ್ತದೆ. ತೋಟದ ಸಲಕರಣೆಯು ಕಂಪನಿಯ ಸರ್ವರ್ ನಿಂತುಹೋದರೂ ಕೆಲಸ ಮಾಡುತ್ತದೆಯೇ, ಸದಸ್ಯರ ಹೊಲದ ಮಾಹಿತಿಯನ್ನು ಯಾರಿಗೆಲ್ಲ ಕೊಡುತ್ತಾರೆ ಎಂದು ಕೇಳಿ ಬರೆಸಿಕೊಳ್ಳಬೇಕು. ತಡವಾಗಿ ಹಣ ಕೊಡುವ ಗಿರಾಕಿಯ ಕಾಟ ಸಣ್ಣ ಕಂಪನಿಗೆ ಬಹಳ. ಉದ್ಯಮ್ ನೋಂದಣಿ ಪಡೆದ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳು ಸರಕು ಕೊಟ್ಟಾಗ, 2006ರ ಅಧಿನಿಯಮದ ಪ್ರಕಾರ, ಕರಾರಿನಲ್ಲಿ ಏನೇ ಇದ್ದರೂ 45 ದಿನಗಳೊಳಗೆ ಹಣ ಸಂದಾಯವಾಗಬೇಕು. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಗೆ ಹಕ್ಕುಂಟು.

ಪಾಲುಪತ್ರಗಳನ್ನು ಹೆಚ್ಚಾಗಿ ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಮಗನಿಗೆ ಅರ್ಥವಾಗಿರಬಹುದು, ಜಮೀನು ಇರುವುದು ತಂದೆಯ ಹೆಸರಿನಲ್ಲಿ. ಸಹಿಯ ದಿನಕ್ಕೆ ಒಂದು ವಾರ ಮೊದಲೇ ಕರಡನ್ನು ತರಿಸಿಕೊಂಡು, ತಮ್ಮ ಕಡೆಯ ವಕೀಲರಿಂದ ಕನ್ನಡದಲ್ಲಿ ಓದಿಸಿ ಕೇಳಬೇಕು. ಪಾಲುಗಾರನ ವಕೀಲರೇ ಇಬ್ಬರಿಗೂ ಸಾಕೆಂದು ಬಿಡಬಾರದು. ಜಮೀನನ್ನು ಆಧಾರ ಕೊಟ್ಟಿದ್ದರೆ, ಸಾಲ ತೀರಿದ ಮೇಲೆ ಪಹಣಿಯಲ್ಲಿ ನಮೂದಾದ ಋಣ ತೆಗೆಸುವುದು ಯಾರ ಕೆಲಸ, ಎಷ್ಟು ದಿನಗಳೊಳಗೆ ಎಂಬ ಒಂದು ಸಾಲನ್ನು ಆ ಕರಡಿನಲ್ಲಿಯೇ ಸೇರಿಸಿಕೊಳ್ಳಬಹುದು.