ಅಮಾವಾಸ್ಯೆಯ ಭಜನೆಯಿಂದ ಹೈಸ್ಕೂಲಿನ ಪಿರಿಯಡ್‌ವರೆಗೆ



ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಮಕ್ಕಳು ಹಾಡು ಕಲಿಯಲು ಶಾಲೆಯ ಗಂಟೆಗಾಗಿ ಕಾದವರಲ್ಲ. ಅಮಾವಾಸ್ಯೆಯ ರಾತ್ರಿ ಮಠದಲ್ಲಿ ಏಕತಾರಿ, ದಮ್ಮಡಿ, ತಾಳ ಹಿಡಿದು ಕೂತ ಹಿರಿಯರ ಮಗ್ಗುಲಿಗೆ ಕೂತರೆ ಸಾಕು, ಬೆಳಗಾಗುವುದರೊಳಗೆ ಒಂದೆರಡು ತತ್ವಪದ ಬಾಯಿಗೆ ಹತ್ತುತ್ತಿದ್ದವು. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಊರು ಮೊನ್ನೆ ಮೊನ್ನೆಯವರೆಗೆ ಜೇವರ್ಗಿ ತಾಲ್ಲೂಕಿನದು, ಈಗ ಯಡ್ರಾಮಿಗೆ ಸೇರಿದೆ. ಅವರ ಶಿಷ್ಯರ ಸಾಲಿನಲ್ಲಿ ಚೆನ್ನೂರ ಜಲಾಲಸಾಹೇಬರಿದ್ದಾರೆ, ಖೈನೂರ ಕೃಷ್ಣಪ್ಪನವರಿದ್ದಾರೆ, ತೆಲಗಬಾಳ ರೇವಪ್ಪನವರಿದ್ದಾರೆ. ಆ ಶಾಲೆಯ ಹಾಜರಿ ಪುಸ್ತಕದಲ್ಲಿ ಜಾತಿಯ ಕಾಲಂ ಇರಲಿಲ್ಲ ಅಂತ ಬೇರೆ ಹೇಳಬೇಕಿಲ್ಲ. ಇತ್ತ ಆಳಂದದಲ್ಲಿ ಲಾಡ್ಲೆ ಮಶಾಕರ ಉರುಸಿನ ಕವ್ವಾಲಿ. ಅತ್ತ ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ದತ್ತನ ಪಲ್ಲಕ್ಕಿಯ ಮುಂದೆ ಕನ್ನಡ, ಮರಾಠಿ ಭಜನೆ.

ಇಷ್ಟೆಲ್ಲ ಇದ್ದರೂ ಸಂಗೀತ ಒಂದು ಪಾಠವಾಗಿ ತರಗತಿಯ ಬಾಗಿಲು ದಾಟಲಿಲ್ಲ. 1948ರ ಸೆಪ್ಟೆಂಬರ್ 17ರವರೆಗೆ ಇದು ನಿಜಾಮರ ರಾಜ್ಯ. ಹೈಸ್ಕೂಲು ಅಂದರೆ ಉರ್ದು. ಮನೆಯಲ್ಲಿ ಕನ್ನಡ ಆಡುವ ಮಗುವಿಗೆ ಕನ್ನಡದಲ್ಲಿ ಓದುವುದೇ ದುರ್ಲಭವಾಗಿದ್ದಾಗ ಸಂಗೀತದ ಪಿರಿಯಡ್ ಕೇಳುವವರು ಯಾರು?

ಪಾಠವಾಗಿ ಸಂಗೀತ ನಮ್ಮ ಕಡೆಗೆ ಬಂದದ್ದು ಪಶ್ಚಿಮದ ದಾರಿಯಿಂದ. ಮಿರಜಿನಲ್ಲಿ ಕಲಿತ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ಉಸ್ತಾದರ ಮನೆಯಲ್ಲಿ ವರ್ಷಗಟ್ಟಲೆ ಸೇವೆ ಮಾಡದೆಯೂ ಸಾಮಾನ್ಯರ ಮಕ್ಕಳು ಫೀ ಕೊಟ್ಟು, ಪುಸ್ತಕ ಹಿಡಿದು, ಪರೀಕ್ಷೆ ಬರೆದು ಕಲಿಯಬಹುದು ಎಂಬುದನ್ನು ತೋರಿಸಿದರು. ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ, ವಿಶಾರದ ಎಂಬ ಮೆಟ್ಟಿಲುಗಳು ಅವರ ಶಿಷ್ಯರು 1931ರಲ್ಲಿ ಕಟ್ಟಿದ ಗಾಂಧರ್ವ ಮಹಾವಿದ್ಯಾಲಯ ಮಂಡಳದವು.

ಎರಡನೆಯ ದಾರಿ ಗದಗಿನದು. ನನ್ನ ಮಟ್ಟಿಗೆ ಇದೇ ದೊಡ್ಡದು. ಪಂಚಾಕ್ಷರಿ ಗವಾಯಿಗಳು (1892–1944) ಮಿರಜಿನ ನೀಲಕಂಠಬುವಾ ಅವರಲ್ಲಿ ಕಲಿತವರು. ಮಲ್ಲಿಕಾರ್ಜುನ ಮನ್ಸೂರರಿಗೂ ಅದೇ ಗುರು. ಪಂಚಾಕ್ಷರಿಗಳ ನಂತರ ಪುಟ್ಟರಾಜ ಗವಾಯಿಗಳು 2010ರವರೆಗೆ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನವನ್ನೂ ಸ್ವರವನ್ನೂ ಕೊಟ್ಟರು. ಅಲ್ಲಿ ಕಲಿತವರು ಕೀರ್ತನಕಾರರಾಗಿ, ಸಂಗೀತ ಮಾಸ್ತರರಾಗಿ ಉತ್ತರ ಕರ್ನಾಟಕದ ಊರೂರಿಗೆ ಹೋದರು.

ಸರ್ಕಾರದ ಕಾಗದದಲ್ಲಿ ಏನಾಯಿತು? 1952–53ರ ಮೊದಲಿಯಾರ್ ಆಯೋಗ ಪ್ರೌಢ ಶಿಕ್ಷಣಕ್ಕೆ ಏಳು ಐಚ್ಛಿಕ ಗುಂಪುಗಳನ್ನು ಹೇಳಿತು. ಲಲಿತಕಲೆ ಒಂದು, ಅದರಲ್ಲಿ ಸಂಗೀತ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲೆ ಬೇಕೇ ಬೇಕು ಎಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಲೆಗೆ ಒತ್ತು ಕೊಡಬೇಕು ಎಂದಿತು. ಹೇಳಿದ್ದು ಮೂರು ಸಲ, ಆದದ್ದು ಅಷ್ಟಕ್ಕಷ್ಟೆ. ನಮ್ಮ ಎಸ್ಸೆಸ್ಸೆಲ್ಸಿ ವೇಳಾಪಟ್ಟಿಯಲ್ಲಿ ವಿಜ್ಞಾನ, ರಾಜ್ಯಶಾಸ್ತ್ರದ ಜೊತೆಗೆ ಹಿಂದೂಸ್ತಾನಿ ಸಂಗೀತವೂ ಅಚ್ಚಾಗುತ್ತದೆ. ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಬಿಟ್ಟರೆ ಉಳಿದವರಿಗೆ ಅದು ಬರೀ ಅಚ್ಚೇ.

ಹಾಗಾಗಿ ಕೆಲಸ ನಡೆಸಿದ್ದು ಶಾಲೆಯ ಹೊರಗಿನ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು. ಬಹುಕಾಲ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ನಡೆಸುತ್ತಿದ್ದ ಇವು ಈಗ ಮೈಸೂರಿನ ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯಕ್ಕೆ ಹೋಗಿವೆ.

ಪಾಠ ಹೇಗೆ ಸಾಗುತ್ತದೆ ನೋಡಿ. ಮೊದಲು ಷಡ್ಜ ಹಿಡಿದು ನಿಲ್ಲುವುದು, ಆಮೇಲೆ ಅಲಂಕಾರ, ಆಮೇಲೆ ಭೂಪ. ಮಧ್ಯಮ, ನಿಷಾದ ಬಿಟ್ಟು ಐದೇ ಸ್ವರ. ಕೈಯಲ್ಲಿ ತೀನ್‌ತಾಲ: ಹದಿನಾರು ಮಾತ್ರೆ, ಒಂದು, ಐದು, ಹದಿಮೂರಕ್ಕೆ ಚಪ್ಪಾಳೆ, ಒಂಬತ್ತಕ್ಕೆ ಖಾಲಿ. ಮಠದಲ್ಲಿ ಭಜನೆ ಹಾಡಿ ಬಂದ ಹುಡುಗನಿಗೆ ತಾನು ಇಷ್ಟು ದಿನ ಹಾಡಿದ್ದು ಎಂಟು ಮಾತ್ರೆಯ ಕೆಹರವಾ ಅಂತ ಗೊತ್ತಾಗುವುದು ಇಲ್ಲೇ. ಎಂಟನೆಯ, ಒಂಬತ್ತನೆಯ ತರಗತಿಗೆ ಬಂದಾಗ ಹುಡುಗರ ದನಿ ಒಡೆಯುತ್ತದೆ; ನಿನ್ನೆ ತಾರಕ್ಕೆ ಹೋದವನಿಗೆ ಇವತ್ತು ಪಂಚಮವೇ ಎಟುಕುವುದಿಲ್ಲ. ಬಲ್ಲ ಮಾಸ್ತರರು ಶ್ರುತಿಯ ಪಟ್ಟಿ ಇಳಿಸುತ್ತಾರೆ, ಇಲ್ಲವೆ ಒಂದು ವರ್ಷ ತಬಲಾಕ್ಕೆ ಕೂರಿಸುತ್ತಾರೆ. ಮಾಸ್ತರರೇ ಇಲ್ಲದ ಶಾಲೆಯಲ್ಲಿ ಹುಡುಗ ನಾಚಿ ಹಾಡು ಬಿಡುತ್ತಾನೆ. ಅಲ್ಲಿಗೆ ಮುಗಿಯಿತು.

ಈ ಪಾಠಕ್ಕೆಲ್ಲ ಆಸರೆ ಪೇಟಿ, ಅಂದರೆ ಹಾರ್ಮೋನಿಯಂ. ರೇಡಿಯೋದಲ್ಲಿ ಕೂತು ಇದನ್ನು ಹೇಳುವುದು ತುಸು ಮುಜುಗರವೇ: ಇದೇ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಮ್ಮನ್ನು ಹೊರಗೆ ಹಾಕಿತ್ತು. ಮೀಂಡು ನುಡಿಯದು, ಶ್ರುತಿ ಸೂಕ್ಷ್ಮ ಹಿಡಿಯದು ಎಂಬ ಆಕ್ಷೇಪ. ನಿರ್ಬಂಧ ಸಡಿಲಾದದ್ದು 1971ರಲ್ಲಿ. ಅಷ್ಟೂ ವರ್ಷ ಭಜನಾ ಮಂಡಳಿಗಳು ಪೇಟಿ ಬಿಡಲಿಲ್ಲ. ಸರಿಯಾಗೇ ಮಾಡಿದವು.

ಈಗ ಪ್ರತಿಭಾ ಕಾರಂಜಿ ಇದೆ; ಜಾನಪದ ಗೀತೆ, ಗಜಲ್, ಕವ್ವಾಲಿಗೂ ಅಲ್ಲಿ ಸ್ಪರ್ಧೆ. ಒಳ್ಳೆಯದೇ. ಆದರೆ ಎಂಟು ದಿನ ಮುಂಚೆ ಉರು ಹೊಡೆಸಿ ವೇದಿಕೆ ಹತ್ತಿಸುವುದು ಕಲಿಕೆಯಾಗದು. ವಾರಕ್ಕೆ ಎರಡೇ ಪಿರಿಯಡ್ ಸಾಕು, ಆದರೆ ವರ್ಷವಿಡೀ ಬೇಕು.

ಈ ಮೂರು ತಾಲ್ಲೂಕಿನ ತಂದೆತಾಯಿಗಳಿಗೆ ನನ್ನ ವಿನಂತಿ: ಮುಂದಿನ ಸಲ ಹೈಸ್ಕೂಲಿನ ಸಭೆಗೆ ಹೋದಾಗ ಗಣಿತ, ಇಂಗ್ಲಿಷಿನ ಅಂಕ ಕೇಳಿದ ಮೇಲೆ ಸಂಗೀತದ ಪಿರಿಯಡ್ ಎಲ್ಲಿದೆ ಅಂತಲೂ ಕೇಳಿ. ಮಾಸ್ತರರಿಲ್ಲ ಎಂದರೆ ಊರ ಭಜನಾ ಮಂಡಳಿಯ ಪೇಟಿಯವರ ಹೆಸರು ಹೇಳಿ. ಜೂನಿಯರ್ ಪರೀಕ್ಷೆಯ ಅರ್ಜಿ ಕರೆದಾಗ ನಿಮ್ಮ ಮಗಳಿಂದ ಒಂದು ತುಂಬಿಸಿ.