ಕಡೆಯುವ ಕಲ್ಲಿನ ಎದುರು: ಕ್ರೈಸ್ತ ನಂಬಿಕೆ ಮತ್ತು ಪ್ರಲಾಪ



ಒಬ್ಬ ತಾಯಿಯ ನೆನಪಿಗೆ ಮಕ್ಕಳು ಇಟ್ಟ ದತ್ತಿಯ ಉಪನ್ಯಾಸ ಇದು. ವಿಷಯವನ್ನು ನೀವೇ ಆರಿಸಿಕೊಳ್ಳಿ ಎಂದು ಹೇಳಿದಾಗ ನನ್ನ ತಾಯಿಯೇ ಕಣ್ಣೆದುರು ಬಂದಳು. ಅವಳಿಂದಲೇ ಶುರು ಮಾಡುತ್ತೇನೆ.

ನಮ್ಮದು ಕರಾವಳಿಯ ಒಂದು ಸಣ್ಣ ಊರು. ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದಂದಿನಿಂದ ನಮ್ಮ ಕಡೆಯ ಎಷ್ಟೋ ಮನೆಗಳು ಹೀಗೆ ಎರಡು ನುಡಿಗಳಲ್ಲಿ ಬದುಕಿವೆ. ನನಗೆ ಒಂಬತ್ತು ವರ್ಷವಿದ್ದಾಗ ತಮ್ಮ ತೀರಿಕೊಂಡ. ನಾಲ್ಕು ವರ್ಷದ ಮಗು. ಮಳೆಗಾಲದ ಜ್ವರ, ಮೂರೇ ದಿನ. ಮಣ್ಣು ಮಾಡುವಾಗ ಅಮ್ಮ ಎದೆ ಬಡಿದುಕೊಂಡು ಗೋಳಾಡಿದಳು. ಸಭೆಯ ಹಿರಿಯರೊಬ್ಬರು ಹತ್ತಿರ ಬಂದು, "ಹೀಗೆ ಅಳಬಾರದಮ್ಮ, ಸಾಕ್ಷಿ ಕೆಡುತ್ತದೆ. ಮಗು ಕರ್ತನ ಹತ್ತಿರ ಇದೆಯಲ್ಲ" ಎಂದರು. ಅವರು ಕೆಟ್ಟವರಲ್ಲ. ಆ ತಿಂಗಳು ನಮ್ಮ ಮನೆಗೆ ಅಕ್ಕಿ ಕಳಿಸಿದವರೂ ಅವರೇ. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಯಾರೆದುರೂ ಅವಳು ಅತ್ತದ್ದನ್ನು ನಾನು ನೋಡಲಿಲ್ಲ.

ಮನೆಯ ಹಿಂಬದಿಯಲ್ಲಿ ಕಡೆಯುವ ಕಲ್ಲಿತ್ತು. ಬೆಳಿಗ್ಗೆ ಐದಕ್ಕೆಲ್ಲ ಅಮ್ಮ ಅಲ್ಲಿ ಕೂತು ನೀರುದೋಸೆಗೆ ಕಡೆಯುವಳು. ಬಲಗೈ ಗುಂಡನ್ನು ತಿರುಗಿಸುತ್ತಿತ್ತು, ಎಡಗೈ ಅಕ್ಕಿಯನ್ನು ಒಳಕ್ಕೆ ದೂಡುತ್ತಿತ್ತು. ಆ ಗುಡುಗುಡು ಸದ್ದಿನ ಅಡಿಯಲ್ಲಿ ಅವಳು ಯಾರನ್ನೋ ತುಳುವಿನಲ್ಲಿ ಬೈಯುತ್ತಿದ್ದಳು. ಬೇಲಿಯ ವಿಷಯಕ್ಕೆ ಪಕ್ಕದ ಮನೆಯವರ ಮೇಲೆ ಸಿಟ್ಟಿರಬೇಕು ಅಂದುಕೊಂಡಿದ್ದೆ. ಒಂದು ದಿನ ನೀರು ಕುಡಿಯಲು ಎದ್ದವನು ಬಾಗಿಲ ಸಂದಿನಲ್ಲಿ ನಿಂತು ಕೇಳಿಸಿಕೊಂಡೆ. ಆ ರಾತ್ರಿ ನೀನು ಎಲ್ಲಿ ಹಾಳಾಗಿ ಹೋಗಿದ್ದೆ? ನಿನಗೆ ಅಷ್ಟು ಮಕ್ಕಳಿರುವಾಗ ನನ್ನದೊಂದು ಯಾಕೆ ಬೇಕಾಯಿತು? ಬೈಸಿಕೊಳ್ಳುತ್ತಿದ್ದವನು ದೇವರು. ಕಲ್ಲು ನಿಂತಿತು, ಮಾತೂ ನಿಂತಿತು. ಹಿಟ್ಟು ಬಳಿದು ಪಾತ್ರೆಗೆ ಹಾಕಿ, ಕೈ ತೊಳೆದು, ನಮ್ಮನ್ನೆಲ್ಲ ಕೂರಿಸಿಕೊಂಡು ಕನ್ನಡದಲ್ಲಿ ಬೆಳಗಿನ ಪ್ರಾರ್ಥನೆ ಮಾಡಿದಳು. ಅದರಲ್ಲಿ ಬರೀ ಸ್ತೋತ್ರ.

ಆ ಎರಡರಲ್ಲಿ ನಂಬಿಕೆಯ ಪ್ರಾರ್ಥನೆ ಕನ್ನಡದ್ದು, ಇನ್ನೊಂದು ಅವಳ ದುಃಖದ ಗೊಣಗಾಟ ಎಂದು ಬಹಳ ವರ್ಷ ನಂಬಿದ್ದೆ. ಕಲ್ಲಿನ ಎದುರಿನದೂ ಪ್ರಾರ್ಥನೆಯೇ ಆಗಿತ್ತು, ಸತ್ಯವೇದ ಅದನ್ನು ಪ್ರಾರ್ಥನೆಯೆಂದೇ ಎಣಿಸುತ್ತದೆ ಎಂದು ಹೇಳಲು ಇಂದು ನಿಮ್ಮೆದುರು ನಿಂತಿದ್ದೇನೆ.

ನಮ್ಮ ಕನ್ನಡ ಸತ್ಯವೇದದಲ್ಲಿ ಯೆರೆಮೀಯನ ಗ್ರಂಥದ ನಂತರ ಬರುವ ಪುಟ್ಟ ಪುಸ್ತಕಕ್ಕೆ 'ಪ್ರಲಾಪಗಳು' ಎಂದು ಹೆಸರು. ಪ್ರಲಾಪ ಎಂದರೆ ಗೋಳು, ನಿಜ. ಆದರೆ ದಿನಬಳಕೆಯಲ್ಲಿ ಆ ಪದಕ್ಕೆ ಇನ್ನೊಂದು ನೆರಳಿದೆ. ತಲೆಬುಡವಿಲ್ಲದೆ ಮಾತಾಡುವವನನ್ನು 'ಏನೇನೋ ಪ್ರಲಾಪಿಸುತ್ತಾನೆ' ಅನ್ನುತ್ತೇವೆ. ಜ್ವರ ನೆತ್ತಿಗೇರಿದವನು ಪ್ರಲಾಪಿಸುತ್ತಾನೆ. ಹಾಗಾಗಿ ಹೆಸರು ಕೇಳಿದ ಕೂಡಲೇ ಹಿಡಿತ ತಪ್ಪಿದ ಮಾತಿನ ಪುಸ್ತಕ ಎಂಬ ಭಾವನೆ ಬಂದುಬಿಡುತ್ತದೆ.

ಪುಸ್ತಕ ಇರುವುದು ಅದಕ್ಕೆ ತದ್ವಿರುದ್ಧವಾಗಿ. ಕ್ರಿ.ಪೂ. 587-86ರ ಸುಮಾರಿಗೆ ನೆಬೂಕದ್ನೆಚ್ಚರನ ಸೈನ್ಯ ಯೆರೂಸಲೇಮನ್ನು ಮುತ್ತಿ, ಹಸಿವಿನಿಂದ ಬಳಲಿಸಿ, ಗೋಡೆ ಒಡೆದು ದೇವಾಲಯವನ್ನು ಸುಟ್ಟಿತು. ಆ ಬೂದಿಯ ನಡುವಿನಿಂದ ಹುಟ್ಟಿದ ಐದು ಹಾಡುಗಳು ಇವು. ಹೀಬ್ರೂ ವರ್ಣಮಾಲೆಯಲ್ಲಿ 22 ಅಕ್ಷರ. ಒಂದು, ಎರಡು, ನಾಲ್ಕನೆಯ ಅಧ್ಯಾಯಗಳಲ್ಲಿ 22 ವಚನ. ಮೊದಲನೆಯದು ಆಲೆಫ್ ಅಕ್ಷರದಿಂದ, ಎರಡನೆಯದು ಬೇತ್‌ನಿಂದ, ಹೀಗೆ ಕೊನೆಯ ತಾವ್‌ವರೆಗೆ. ನಡುವಿನ ಮೂರನೆಯ ಅಧ್ಯಾಯದಲ್ಲಿ ಒಂದೊಂದು ಅಕ್ಷರಕ್ಕೆ ಮೂರು ಮೂರು ವಚನ, ಒಟ್ಟು 66. ಅನುವಾದದಲ್ಲಿ ಇದು ಉಳಿಯುವುದಿಲ್ಲ. ನಮ್ಮ ಕಣ್ಣಿಗೆ ಬೀಳುವುದು ವಚನಗಳ ಸಂಖ್ಯೆ ಮಾತ್ರ. ನಮ್ಮಲ್ಲೊಬ್ಬ ಕವಿ ತನ್ನ ಊರಿನ ನಾಶವನ್ನು ಅಕಾರದಿಂದ ಳಕಾರದವರೆಗೆ ಒಂದು ಅಕ್ಷರವನ್ನೂ ಬಿಡದೆ ಅತ್ತಿದ್ದಾನೆ ಎಂದುಕೊಳ್ಳಿ.

ಯಾಕೆ ಹೀಗೆ? ಆಲೆಫಿನಿಂದ ತಾವ್‌ವರೆಗೆ ದುಃಖ ಪೂರ್ತಿಯಾಯಿತು ಎಂಬ ಅರ್ಥ ಅದಕ್ಕೆ ಎನ್ನುತ್ತಾರೆ ಕೆಲವರು. ನನಗೆ ಕಾಣುವುದು ಬೇರೆ. ಈ ಹಾಡುಗಳ ತುಂಬ ಮಕ್ಕಳಿದ್ದಾರೆ. ಬೀದಿಯಲ್ಲಿ ಸೊರಗಿ ಬೀಳುವ ಮಕ್ಕಳು, ತಾಯಂದಿರನ್ನು ಊಟ ಕೇಳುತ್ತ ಮಡಿಲಲ್ಲೇ ಪ್ರಾಣ ಬಿಡುವ ಮಕ್ಕಳು. ನಾಲ್ಕನೆಯ ಅಧ್ಯಾಯ ತಾಯಂದಿರ ಬಗ್ಗೆ ಹೇಳುವ ಒಂದು ಮಾತನ್ನು ಈ ಸಭೆಯಲ್ಲಿ ನಾನು ಬಾಯಿಬಿಟ್ಟು ಹೇಳಲಾರೆ. ಅಷ್ಟನ್ನು ಕಂಡ ಮನುಷ್ಯನ ಕೈಯಲ್ಲಿ ಉಳಿದದ್ದು ಮಗು ಮೊದಲು ಕಲಿಯುವ ವಸ್ತು, ಅಕ್ಷರಮಾಲೆ. ಅದನ್ನು ಹಿಡಿದುಕೊಂಡು ಅವನು ಒಂದೊಂದೇ ಹೆಜ್ಜೆ ಇಡುತ್ತಾನೆ. ಐದನೆಯ ಅಧ್ಯಾಯಕ್ಕೆ ಬಂದಾಗ ವಚನಗಳು ಮತ್ತೆ 22 ಇವೆ, ಆದರೆ ಅಕ್ಷರಗಳ ಸಾಲು ತಪ್ಪಿಹೋಗಿದೆ. ಹಿಡಿದುಕೊಂಡದ್ದೂ ಕೈಜಾರಿತು. ಆದರೂ ಮಾತು ನಿಲ್ಲಲಿಲ್ಲ.

ಈ ಐದೂ ಅಧ್ಯಾಯಗಳಲ್ಲಿ ದೇವರು ಎದುರು ಬಂದು ಉತ್ತರ ಕೊಡುವುದಿಲ್ಲ. ಹಿಂದೊಮ್ಮೆ ಆಡಿದ ಅಭಯದ ನೆನಪೊಂದು ಸುಳಿದುಹೋಗುತ್ತದೆ, ಅಷ್ಟೆ. ಕೊನೆಯ ವಚನ ನೀನು ನಮ್ಮನ್ನು ಪೂರ್ತಿ ಕೈಬಿಟ್ಟೆಯೋ ಎಂಬ ಅಳುಕಿನಲ್ಲೇ ಮುಗಿಯುತ್ತದೆ. ಯೆಹೂದ್ಯರು ದೇವಾಲಯ ನಾಶವಾದ ಆವ್ ತಿಂಗಳ ಒಂಬತ್ತನೆಯ ದಿನ ಉಪವಾಸವಿದ್ದು, ನೆಲದ ಮೇಲೆ ಕೂತು ಇದನ್ನು ಓದುತ್ತಾರೆ. ಆ ಕೊನೆಯ ವಚನ ಓದಿದ ಮೇಲೆ ಅದರ ಹಿಂದಿನ ವಚನವನ್ನು ಮತ್ತೊಮ್ಮೆ ಹೇಳುತ್ತಾರೆ, ಓದು ಅಲ್ಲಿಗೇ ನಿಲ್ಲಬಾರದು ಎಂದು. ಆದರೆ ಪುಸ್ತಕದ ಪುಟದಲ್ಲಿ ಅದು ಇದ್ದಲ್ಲೇ ಇದೆ. ಯಾರೂ ಅದನ್ನು ತಿದ್ದಿ ಚಂದ ಮಾಡಲಿಲ್ಲ. ರೋಮನ್ ಕಥೋಲಿಕ ಸಂಪ್ರದಾಯದಲ್ಲಿ ಪವಿತ್ರ ವಾರದ ಕತ್ತಲೆಯ ಆರಾಧನೆಯಲ್ಲಿ ಒಂದೊಂದೇ ಮೋಂಬತ್ತಿ ಆರಿಸುತ್ತ ಇದನ್ನೇ ಹಾಡುತ್ತಿದ್ದರು. ಲ್ಯಾಟಿನ್ನಿನಲ್ಲಿ ಹಾಡಿದರೂ ಪ್ರತಿ ವಚನದ ಮುಂದೆ ಆಲೆಫ್, ಬೇತ್ ಎಂಬ ಹೀಬ್ರೂ ಅಕ್ಷರದ ಹೆಸರನ್ನೂ ರಾಗವಾಗಿ ಎಳೆದು ಹಾಡುವುದಿತ್ತು. ಅರ್ಥವಿಲ್ಲದ ಬರೀ ಅಕ್ಷರಕ್ಕೆ ಅಷ್ಟು ದೀರ್ಘವಾದ ರಾಗ!

ನಾವೇನು ಮಾಡಿದ್ದೇವೆ? ಮೂರನೆಯ ಅಧ್ಯಾಯದ ನಡುವೆ ದೇವರ ಕೃಪೆ ದಿನದಿನವೂ ಹೊಸದು ಎಂಬ ಅರ್ಥದ ಮಾತು ಬರುತ್ತದಲ್ಲ, ಅದನ್ನು ವಾಕ್ಯದ ಕ್ಯಾಲೆಂಡರಿಗೆ ಹಾಕಿಕೊಂಡಿದ್ದೇವೆ. ಆ ಮಾತು ಸತ್ಯ. ಆದರೆ ಅದರ ಹಿಂದೆ ಮುಂದೆ ಇರುವ ನೂರೈವತ್ತು ವಚನಗಳನ್ನು ನಮ್ಮ ವೇದಿಕೆಗಳಿಂದ ಓದಿದ್ದನ್ನು ನಾನು ಕೇಳಿದ್ದು ಬಹಳ ಕಡಿಮೆ.

ಕೀರ್ತನೆಗಳ ವಿಷಯದಲ್ಲೂ ಹಾಗೆಯೇ. 150ರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಗೋಳಿನ ಕೀರ್ತನೆಗಳು. ಹೆಚ್ಚಿನವು ಅಳುವಿನಿಂದ ಶುರುವಾಗಿ ಸ್ತೋತ್ರಕ್ಕೆ ಹೊರಳುತ್ತವೆ. 88ನೆಯದು ಹೊರಳುವುದೇ ಇಲ್ಲ. ಹೀಬ್ರೂ ಮೂಲದಲ್ಲಿ ಅದರ ಕಟ್ಟಕಡೆಯ ಪದ ಕತ್ತಲೆ. ಆದರೆ ತಲೆಬರಹ ಬಿಟ್ಟರೆ ಅದರ ಮೊದಲ ಪದ ಯಾವುದು ಗೊತ್ತೇ? ಯೆಹೋವನ ಹೆಸರು. ಕತ್ತಲೆಯಲ್ಲಿ ಮುಗಿಯುವ ಆ ಮಾತೆಲ್ಲವೂ ಒಬ್ಬನ ಕಡೆಗೆ ಮುಖ ಮಾಡಿ ಆಡಿದ್ದು. ನಮ್ಮಮ್ಮ ಕಲ್ಲಿನೆದುರು 'ನೀನು' ಅಂದಳಲ್ಲ, ಆ 'ನೀನು'. ದೇವರಿಲ್ಲ ಎಂದು ತೀರ್ಮಾನಿಸಿದವರು ಬೆಳಿಗ್ಗೆ ಐದಕ್ಕೆ ಎದ್ದು ಯಾರನ್ನೂ ಬೈಯುವುದಿಲ್ಲ.

ಯೋಬನ ಗೆಳೆಯರ ಕಥೆ ನಿಮಗೆ ಗೊತ್ತು. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ದೇವರ ಪರವಾಗಿ ವಾದಿಸಿದರು, ಯೋಬ ದೇವರನ್ನೇ ಕಟಕಟೆಗೆ ಎಳೆದ. ಕೊನೆಯಲ್ಲಿ ದೇವರು ಗೆಳೆಯರ ಮೇಲೆ ಕೋಪಗೊಂಡು, ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬನೇ ಎಂಬ ತೀರ್ಪು ಕೊಟ್ಟ. ಸಾವಿನ ಮನೆಗೆ ಹೋಗುವಾಗಲೆಲ್ಲ ಇದು ನನಗೆ ನೆನಪಾಗಿ ನಾಲಿಗೆಯನ್ನು ತಡೆಯುತ್ತದೆ.

ಬೇಥಾನ್ಯದಲ್ಲಿ ಮಾರ್ಥಳೂ ಮರಿಯಳೂ ಬೇರೆಬೇರೆಯಾಗಿ ಬಂದು ಯೇಸುವಿಗೆ ಹೇಳಿದ್ದು ಒಂದೇ ಮಾತು: ನೀನು ಇಲ್ಲಿ ಇದ್ದಿದ್ದರೆ ನಮ್ಮ ಸಹೋದರ ಸಾಯುತ್ತಿರಲಿಲ್ಲ ಎಂಬರ್ಥದ್ದು. ಇದು ದೂರು. ಎಲ್ಲಿ ಹೋಗಿದ್ದೆ ಎಂಬ ಪ್ರಶ್ನೆಯೇ ಇದು. ಅವನು ಇಬ್ಬರನ್ನೂ ಗದರಿಸಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಆ ಸಹೋದರ ಲಾಜರನನ್ನು ಸಮಾಧಿಯಿಂದ ಹೊರಗೆ ಕರೆಯಲಿದ್ದೇನೆ ಎಂದು ತಿಳಿದಿದ್ದವನು ಸಮಾಧಿಯ ದಾರಿಯಲ್ಲಿ ಅತ್ತ. ಪುನರುತ್ಥಾನದ ನಿರೀಕ್ಷೆ ಇದ್ದವರು ಅಳಬಾರದು ಎಂಬುದಾದರೆ, ಮೊದಲು ತಪ್ಪಿದವನು ಅವನೇ ಆಗುತ್ತಾನೆ. ಶಿಲುಬೆಯ ಮೇಲೆ ಅವನ ಬಾಯಿಗೆ ಬಂದದ್ದು 22ನೆಯ ಕೀರ್ತನೆಯ ಆರಂಭದ ಕೂಗು. ಗ್ರೀಕಿನಲ್ಲಿ ಬರೆದ ಮತ್ತಾಯ, ಮಾರ್ಕರು ಆ ಕೂಗನ್ನು ಅವನ ಆಡುನುಡಿಯ ಸದ್ದಿನಲ್ಲೇ ಉಳಿಸಿ, ಆಮೇಲೆ ಅರ್ಥ ಹೇಳಿದರು. ಅಮ್ಮನ ತುಳು ನೆನಪಾಗದೆ ಆ ಭಾಗವನ್ನು ನಾನು ಓದಲಾರೆ.

ಇಲ್ಲಿ ನಮ್ಮ ನೆಲದಲ್ಲೇ ಹುಟ್ಟಿದ ಒಬ್ಬ ಹೆಣ್ಣುಮಗಳನ್ನು ನೆನೆಯಬೇಕು. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಗಂಗಾಮೂಲದ ಕಾಡಿನಲ್ಲಿ, ತುಂಗಾ ಭದ್ರಾ ನೇತ್ರಾವತಿಗಳು ಹುಟ್ಟುವ ಘಟ್ಟದ ಮೇಲೆ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ, ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಿದವರು. ಪುರಾಣ ಹೇಳುತ್ತ ಊರೂರು ಅಲೆಯುತ್ತಿದ್ದ ಕುಟುಂಬ ಕ್ಷಾಮಕ್ಕೆ ಸಿಕ್ಕಿತು. 1874ರಲ್ಲಿ ತಂದೆ ಹೋದರು, ಹಿಂದೆಯೇ ತಾಯಿ, ಆಮೇಲೆ ಅಕ್ಕ. ತಾಯಿಯ ಹೆಣ ಹೊರಲು ಜನ ಸಾಲಲಿಲ್ಲ. ಹದಿನಾರರ ಹುಡುಗಿ ತಾನೂ ಹೊತ್ತಳು. ಎತ್ತರ ಸಾಲದೆ ಚಟ್ಟದ ಕೊನೆಯನ್ನು ತಲೆಯ ಮೇಲಿಟ್ಟುಕೊಂಡು ನಡೆದಳು. ಮುಂದೆ ಅಣ್ಣ ತೀರಿಕೊಂಡ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ, 1882ರಲ್ಲಿ, ಗಂಡನನ್ನು ಕಾಲರಾ ಒಯ್ದಿತು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ. 1896-97ರ ಕ್ಷಾಮ ಬಂದಾಗ ಹಸಿದ ಹೆಣ್ಣುಮಕ್ಕಳನ್ನು, ಬಾಲವಿಧವೆಯರನ್ನು ನೂರಾರು ಸಂಖ್ಯೆಯಲ್ಲಿ ಕರೆತಂದು ಸಾಕಿದರು. ಕೇಡಗಾವಿನಲ್ಲಿ 'ಮುಕ್ತಿ' ಎಂಬ ಅವರ ಆಶ್ರಯಧಾಮ ಬೆಳೆದದ್ದು ಹಾಗೆ. ಹೀಬ್ರೂ, ಗ್ರೀಕ್ ಕಲಿತು ಇಡೀ ಸತ್ಯವೇದವನ್ನು ಹಳ್ಳಿಯ ಹೆಂಗಸರಿಗೆ ತಿಳಿಯುವ ಮರಾಠಿಗೆ ತಂದರು. ಆ ಕೆಲಸದ ಕೊನೆಯ ಹಂತದಲ್ಲಿ, 1921ರಲ್ಲಿ, ಒಬ್ಬಳೇ ಮಗಳು ಮನೋರಮಾ ತೀರಿಕೊಂಡಳು. ಮರುವರ್ಷ ಏಪ್ರಿಲ್‌ನಲ್ಲಿ ತಾಯಿಯೂ ಹೋದರು. ಅನುವಾದ ಅಚ್ಚಾಗಿ ಬಂದದ್ದು ಅವರ ನಂತರ.

ಹಸಿವಿನಿಂದ ಕಪ್ಪಾದ ಮುಖಗಳ ಬಗ್ಗೆ ಪ್ರಲಾಪದ ನಾಲ್ಕನೆಯ ಅಧ್ಯಾಯ ಹೇಳುವುದನ್ನು ಆ ಕೈ ಮರಾಠಿಗೆ ಬರೆದಿದೆ. ಪದಕ್ಕಾಗಿ ಆ ಕೈ ನಿಘಂಟು ಹುಡುಕಬೇಕಾಗಿರಲಿಲ್ಲ ಎಂದು ನಾನು ಎಣಿಸುತ್ತೇನೆ.

ಈಗ ನಮ್ಮ ಸಭೆಗಳ ವಿಷಯ. ಸಾವಿನ ಮನೆಯಲ್ಲಿ ನಾವು ಆಡುವ ಮಾತುಗಳು ಬಹುಪಾಲು ಸಿದ್ಧವಾಗಿಯೇ ಇರುತ್ತವೆ: ದೇವರ ಚಿತ್ತ, ಕೊಟ್ಟವನೇ ತೆಗೆದುಕೊಂಡ, ಮಹಿಮೆಗೆ ಸೇರಿದರು, ಅಳಬೇಡಿ. ಇದಕ್ಕೆ ಆಧಾರವೆಂದು ಥೆಸಲೋನಿಕದವರಿಗೆ ಪೌಲ ಬರೆದದ್ದನ್ನು ತೋರಿಸುತ್ತಾರೆ. ಅಲ್ಲಿ ಅವನು ಹೇಳುವುದು ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿ ಎಂದು. ದುಃಖಿಸಲೇಬೇಡಿ ಎಂದು ಅಲ್ಲಿ ಎಲ್ಲಿದೆ? ಅದೇ ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರ, ಸಂತೋಷದ ಪತ್ರವೆಂದೇ ಹೆಸರಾದದ್ದು, ಅದರಲ್ಲಿ ಎಪಫ್ರೊದೀತ ಸತ್ತುಹೋಗಿದ್ದರೆ ನನಗೆ ದುಃಖದ ಮೇಲೆ ದುಃಖವಾಗುತ್ತಿತ್ತು ಎಂದು ಒಪ್ಪಿಕೊಳ್ಳುತ್ತಾನೆ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೆಂಗಸರು ಹಾಡ್ಯಾಡಿ ಅಳುತ್ತಾರೆ. ಸತ್ತವರ ಗುಣ, ಊಟದ ರುಚಿ, ಉಟ್ಟ ಬಟ್ಟೆ, ಕೊಟ್ಟ ಮಾತು, ಎಲ್ಲ ಆ ಹಾಡಿನಲ್ಲಿ ಬರುತ್ತದೆ. ಕ್ರೈಸ್ತರಾದ ಮೇಲೆ ಇದು ಸಲ್ಲದು ಎಂದು ಬಿಟ್ಟವರಿದ್ದಾರೆ. ಯೆರೆಮೀಯನ ಒಂಬತ್ತನೆಯ ಅಧ್ಯಾಯ ತೆಗೆದು ನೋಡಿ. ಗೋಳಾಡುವುದರಲ್ಲಿ ಪಳಗಿದ ಹೆಂಗಸರನ್ನು ಕರೆಸಿರಿ, ಅವರು ತಮ್ಮ ಹೆಣ್ಣುಮಕ್ಕಳಿಗೂ ಆ ಹಾಡನ್ನು ಕಲಿಸಲಿ ಎಂದು ಅಪ್ಪಣೆ ಕೊಡುವವನು ದೇವರೇ. ಅದನ್ನು ಬಿಟ್ಟುಕೊಟ್ಟದ್ದು ನಮಗಾದ ನಷ್ಟ ಎಂದೇ ನನ್ನ ಅಭಿಪ್ರಾಯ.

ಇನ್ನೊಬ್ಬಳ ಹೆಸರು ಹೇಳದೆ ಕೂರಲಾರೆ. ಎರಡನೆಯ ಸಮುವೇಲ, 21ನೆಯ ಅಧ್ಯಾಯ. ಸೌಲನ ಉಪಪತ್ನಿ ರಿಚ್ಪಾ. ಸೌಲ ಗಿಬ್ಯೋನ್ಯರ ವಿರುದ್ಧ ಮಾಡಿದ ಪಾಪದಿಂದ ದೇಶಕ್ಕೆ ಬರ ಬಂದಿತ್ತು. ಅದಕ್ಕೆ ಪ್ರತಿಯಾಗಿ ಅವನ ವಂಶದ ಏಳು ಮಂದಿಯನ್ನು ಗಿಬ್ಯೋನ್ಯರು ಬೆಟ್ಟದ ಮೇಲೆ ನೇತುಹಾಕಿದರು. ಅದರಲ್ಲಿ ಇಬ್ಬರು ಅವಳ ಮಕ್ಕಳು. ಜವೆಗೋದಿಯ ಸುಗ್ಗಿ ಶುರುವಾದ ದಿನಗಳವು. ಅವಳು ಬಂಡೆಯ ಮೇಲೆ ಗೋಣಿತಟ್ಟು ಹಾಸಿಕೊಂಡು ಕೂತಳು. ಹಗಲು ಹಕ್ಕಿಗಳನ್ನೂ ರಾತ್ರಿ ಕಾಡುಮೃಗಗಳನ್ನೂ ಓಡಿಸುತ್ತ, ಆಕಾಶದಿಂದ ಮಳೆ ಬೀಳುವವರೆಗೆ ಕೂತಳು. ಸುಗ್ಗಿಯಿಂದ ಮಳೆಯವರೆಗೆ ಎಂದರೆ ಆ ದೇಶದಲ್ಲಿ ತಿಂಗಳುಗಟ್ಟಲೆ. ಒಂದು ಮಾತೂ ಅವಳ ಬಾಯಿಂದ ದಾಖಲಾಗಿಲ್ಲ. ಕಾದದ್ದು ತನ್ನ ಇಬ್ಬರನ್ನು ಮಾತ್ರವಲ್ಲ. ಏಳೂ ಹೆಣಗಳ ಕೆಳಗೆ ಕೂತಿದ್ದಳು. ಸುದ್ದಿ ಅರಮನೆ ಮುಟ್ಟಿತು. ದಾವೀದ ಎದ್ದು ಹೋಗಿ ಸೌಲ, ಯೋನಾತಾನರ ಎಲುಬುಗಳನ್ನು ತಂದ, ಈ ಏಳು ಮಂದಿಯ ಎಲುಬುಗಳನ್ನೂ ಕೂಡಿಸಿ ತರಿಸಿದ, ಸಂಸ್ಕಾರ ಮಾಡಿಸಿದ. ದೇಶದ ಮೇಲಿನ ಬರ ನೀಗುವಂತೆ ದೇವರು ಪ್ರಾರ್ಥನೆಗೆ ಕಿವಿಗೊಟ್ಟದ್ದು ಇದರ ನಂತರ ಎನ್ನುತ್ತದೆ ಗ್ರಂಥ. ಏಳು ಮಂದಿಯನ್ನು ನೇತುಹಾಕಿದ ಕೂಡಲೇ ಅಲ್ಲ. ಆ ಅನುಕ್ರಮವನ್ನು ದಯವಿಟ್ಟು ಗಮನಿಸಿ ಓದಿ.

ನಮ್ಮ ಮನೆಗೆ ಮಿಕ್ಸಿ ಬಂದದ್ದು ನನ್ನ ಮೊದಲ ಸಂಬಳದಲ್ಲಿ. ಕಡೆಯುವ ಕೆಲಸ ಐದು ನಿಮಿಷಕ್ಕೆ ಇಳಿಯಿತು, ಅಮ್ಮನ ರಟ್ಟೆಗೆ ವಿಶ್ರಾಂತಿ ಸಿಕ್ಕಿತು. ಆದರೂ ವಾರಕ್ಕೆ ಒಂದೆರಡು ದಿನ ಅವಳು ನಸುಕಿನಲ್ಲಿ ಕಲ್ಲಿಗೇ ಹೋಗುತ್ತಿದ್ದಳು. ಮಿಕ್ಸಿಯ ಹಿಟ್ಟು ಬಿಸಿಯಾಗುತ್ತದೆ, ದೋಸೆ ಸರಿಬರುವುದಿಲ್ಲ ಅನ್ನುತ್ತಿದ್ದಳು. ಮಲಗಿದ್ದಲ್ಲೇ ನಮಗೆ ಆ ಗುಡುಗುಡು ಕೇಳಿಸುತ್ತಿತ್ತು. ನಾವು ಯಾರೂ ಎದ್ದು ಬಾಗಿಲ ತನಕ ಹೋಗುತ್ತಿರಲಿಲ್ಲ. ಅಪ್ಪ ಎದ್ದು ಕೂತು, ದೀಪ ಹಾಕದೆ, ಕಲ್ಲು ನಿಲ್ಲುವವರೆಗೆ ಕಾಯುತ್ತಿದ್ದರು.